ವೆಲ್ಡಿಂಗ್ ಮಷೀನಿನ ಧರ್ಮದಪ್ಪ

ಮೊದಲು ಬಂದದ್ದು ಬ್ಯಾನರ್. ವೆಲ್ಡಿಂಗ್ ಕಡ್ಡಿ ಬರಲಿಲ್ಲ, ಕೈಗವಸು ಬರಲಿಲ್ಲ, ಮಷೀನಂತೂ ಬರಲೇ ಇಲ್ಲ. ರಾಜಧಾನಿ ಲೀಮಾದಿಂದ ಬಸ್ಸಿನ ತಲೆ ಮೇಲೆ ಕೂತು ಬ್ಯಾನರ್ ಬಂತು. 'ಕೈಗೊಂದು ಕಸುಬು, ನಾಡಿಗೊಂದು ನಾಳೆ' ಅಂತ ಅದರ ಮೇಲೆ ಬರೆದಿತ್ತು. ಕೆಳಗೆ ಒಬ್ಬ ಚಂದದ ಹುಡುಗ ವೆಲ್ಡಿಂಗ್ ಹೋಲ್ಡರ್ ಹಿಡಿದು ಹಲ್ಲು ಕಿರಿಯುತ್ತಿದ್ದ. ಹೋಲ್ಡರಿನಲ್ಲಿ ಕಡ್ಡಿಯೇ ಇರಲಿಲ್ಲ.

"ಕಡ್ಡಿ ಇಲ್ದೆ ವೆಲ್ಡಿಂಗ್ ಮಾಡ್ತಾನೆ ನೋಡೋ, ಸರಕಾರದ ಮಗ ಅಂದ್ರೆ ಇವ್ನೇ," ಅಂದಳು ದೇಯ್ಸಿ. ಅವಳೂ ನನ್ನ ಹಾಗೇ ಕಸುಬು ಕಲಿಯಲು ಬಂದವಳು.

ಕಟ್ಟದಿದ್ದರೆ ಸಾಮಾನು ಕಳಿಸೋಲ್ಲ ಅಂತ ಫೋನಿನಲ್ಲಿ ಹೆದರಿಸಿದ್ದರಿಂದ ನಮ್ಮ ಮೇಸ್ತ್ರಿ ಅಬೆಲಾರ್ದೊ ಕದಿಲ್ಯೊ ಅದನ್ನು ವರ್ಕ್‌ಶಾಪಿನ ಮುಂದೆ ಕಟ್ಟಿದರು. ಕಟ್ಟಿದ ಮೇಲೂ ಕಳಿಸಲಿಲ್ಲ. ಸಮುದ್ರದ ಗಾಳಿಗೆ ಹರಿದು ಹುಡುಗನ ತಲೆ ಹಾರಿಹೋಗಿ ಬರೀ ಹೋಲ್ಡರ್ ಉಳಿದಾಗ ಕಡ್ಡಿಯ ಪೆಟ್ಟಿಗೆಗಳು ಬಂದವು.

ಈ ಬ್ಯಾನರ್ ಕಳಿಸಿದ ಯೋಜನೆ ಅಂದರೆ ಏನು ಅಂತ ಹೇಳಿಬಿಡ್ತೀನಿ. ನಮ್ಮ ಚಿಂಬೋತೆಯಲ್ಲಿ ಮೀನು ಹಿಡಿಯೋ ಕಬ್ಬಿಣದ ಹಡಗು ಕಟ್ಟುವ ಯಾರ್ಡುಗಳಿವೆ, ಮೀನನ್ನು ಪುಡಿ ಮಾಡೋ ಕಾರ್ಖಾನೆಗಳಿವೆ. ಓದು ಬಿಟ್ಟವನಿಗೆ ಎರಡೇ ದಾರಿ. ಪುಡಿಯ ಮೂಟೆ ಹೊರಬೇಕು, ಇಲ್ಲ ಯಾರ್ಡಿನಲ್ಲಿ ವೆಲ್ಡರ್ ಆಗಬೇಕು. ಮೂಟೆ ಹೊರೋದು ನಾನು ಕಂಡಿದ್ದೆ. ಎಷ್ಟು ಸೋಪು ಉಜ್ಜಿದರೂ ನಾತ ಚರ್ಮ ಬಿಡಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಹುಡುಗಿ ಎದ್ದು ಹೋಗ್ತಾಳೆ. ವೆಲ್ಡರ್ ಆಗಬೇಕಾದರೆ ಪರೀಕ್ಷೆಯ ಸರ್ಟಿಫಿಕೇಟ್ ಬೇಕು, ಅದಿಲ್ಲದವನನ್ನು ಯಾರ್ಡಿನ ಗೇಟಿನವನು ನಾಯಿ ಅಟ್ಟಿದ ಹಾಗೆ ಅಟ್ಟುತ್ತಾನೆ. ಆಗ ಲೀಮಾದ ಒಂದು ಮಂತ್ರಾಲಯದಲ್ಲಿ ಯಾರೋ ನಕ್ಷೆಯ ಮೇಲೆ ಬೆರಳಿಟ್ಟು 'ಕರಾವಳಿಗೆ ವೆಲ್ಡರುಗಳು ಬೇಕು' ಅಂದರು. ಊರಿನ ಮೇಸ್ತ್ರಿಗಳ ಹತ್ತಿರ ಹುಡುಗರನ್ನು ಬಿಡೋದು, ಎರಡು ವರ್ಷ ಸರಕಾರ ಖರ್ಚು ನೋಡಿಕೊಳ್ಳೋದು, ಕೊನೆಗೆ ಪರೀಕ್ಷೆ. ಮಾತು ಚೆನ್ನಾಗಿಯೇ ಇತ್ತು. ಯಾವ ಮಾತು ಚೆನ್ನಾಗಿರಲ್ಲ ಹೇಳಿ.

ಮೊದಲ ವರ್ಷ ಮಲಗಿದ ಬೆಸುಗೆ. ಅಂದರೆ ತಗಡನ್ನು ಮೇಜಿನ ಮೇಲೆ ಮಲಗಿಸಿ ಮೇಲಿಂದ ಬೆಸುಗೆ ಹಾಕೋದು. ಕರಗಿದ ಲೋಹ ತಾನಾಗಿಯೇ ಜಾಗದಲ್ಲಿ ಕೂರುತ್ತೆ, ನಮ್ಮಜ್ಜಿಯೂ ಕಲೀತಿದ್ದಳು. ಎರಡನೇ ವರ್ಷ ನಿಂತ ಬೆಸುಗೆ, ಆಮೇಲೆ ತಲೆ ಮೇಲಿನ ಬೆಸುಗೆ. ಅಲ್ಲಿರೋದು ಕಸುಬು. ಬೆಂಕಿ ಮೇಲಿರುತ್ತೆ, ಕಿಡಿ ಕತ್ತಿನೊಳಗೆ ಇಳಿಯುತ್ತೆ, ಲೋಹ ಜಾರಬಾರದು, ಕೈ ನಡುಗಬಾರದು. ಯಾವ ತಾಯಿಯೂ ಹಡಗನ್ನು ಮಡಿಲಲ್ಲಿ ಮಲಗಿಸಿ ಕೊಡಲ್ಲ. ಅದರ ಹೊಟ್ಟೆಯ ಕೆಳಗೆ ನುಸುಳಿಯೇ ಬೆಸುಗೆ ಹಾಕಬೇಕು. ಮೊದಲ ವರ್ಷ ಮಾತ್ರ ಕಲಿತವನು ಅರ್ಧ ವೆಲ್ಡರ್. ಅರ್ಧ ವೆಲ್ಡರ್ ಅನ್ನೋ ಪ್ರಾಣಿ ಲೋಕದಲ್ಲಿಲ್ಲ.

ಮೊದಲ ವರ್ಷ ಮುಗಿಯುವ ಹೊತ್ತಿಗೆ ಮಷೀನು ಬಂತು. ಅಲ್ಲೀವರೆಗೂ ಮೇಸ್ತ್ರಿಯ ಹಳೇ ಮಷೀನಿನಲ್ಲೇ ಕಲಿತಿದ್ದೆವು. ಹೊಸದು ಕೆಂಪಗೆ ಹೊಳೆಯುತ್ತಿತ್ತು. ಅದರ ಬೆನ್ನಿಗೇ ಸುದ್ದಿ: ಎರಡನೇ ವರ್ಷದ ಹಣ ಎಲ್ಲರಿಗೂ ಇಲ್ಲ, ಲೀಮಾದಿಂದ ಇಂಜಿನಿಯರ್ ಬಂದು ನೋಡ್ತಾರೆ, ಅವರು ಹೂಂ ಅಂದ ವರ್ಕ್‌ಶಾಪಿಗೆ ಮಾತ್ರ.

ಇಂಜಿನಿಯರ್ ಬುಸ್ತಿಂಜ ಬಂದ ದಿನ ನಾವೆಲ್ಲ ಹಲ್ಲು ಕಚ್ಚಿಕೊಂಡು ನಿಂತಿದ್ದೆವು. ಇಸ್ತ್ರಿ ಅಂಗಿಯವನು ಬಂದು ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ಹೋಗ್ತಾನೆ ಅಂತ ನನ್ನ ಲೆಕ್ಕ. ಆ ಮನುಷ್ಯ ಅಂಗಿ ತೋಳು ಮಡಚಿ, ನನ್ನ ಕೈಯಿಂದಲೇ ಮುಖದ ಶೀಲ್ಡ್ ಕಿತ್ಕೊಂಡು, ದೇಯ್ಸಿ ಬೆಸುಗೆ ಹಾಕೋದನ್ನು ಮೊಣಕಾಲೂರಿ ನೋಡಿದ. ಅವಳು ಸುತ್ತಿಗೆಯಿಂದ ಬೆಸುಗೆ ಮೇಲಿನ ಸುಟ್ಟ ಕಿಟ್ಟ ಉದುರಿಸಿದಳು. ಕೆಳಗಿನ ಬೆಸುಗೆ ಹೆಣೆದ ಜಡೆ ಇದ್ದ ಹಾಗಿತ್ತು.

"ಇವಳಿಗೆ ತಲೆ ಮೇಲಿನದು ಯಾವಾಗ ಹೇಳಿಕೊಡ್ತೀರಿ ಮೇಸ್ತ್ರಿ?"

"ನೀವು ಅದರ ಕಡ್ಡಿ ಕೊಟ್ಟ ದಿನ, ಇಂಜಿನಿಯರೇ."

ಆತ ನಕ್ಕ. ಹೋಗೋ ಮುಂಚೆ ನಮ್ಮೆಲ್ಲರ ಎದುರಿಗೇ ಹೇಳಿದ: "ನಾನು ನೋಡಿದ್ದರಲ್ಲಿ ಇದೇ ನಿಜವಾದ ವರ್ಕ್‌ಶಾಪು. ಇದು ಮುಂದುವರೀಬೇಕು ಅಂತಲೇ ಹೇಳ್ತೀನಿ. ಮುಂದಿನ ಶನಿವಾರ ಮತ್ತೆ ಈ ಕಡೆ ಬರ್ತೀನಿ, ಹೊಸ ಮಷೀನು ಓಡೋದು ನೋಡಿಕೊಂಡು ಸೋಮವಾರ ಸಹಿ ಹಾಕ್ತೀನಿ."

ಅಲ್ಲಿಗೆ ಬಿಟ್ಟಿದ್ದರೆ ಆಗಿತ್ತು ಅಂತ ಈಗ ಊರೆಲ್ಲ ಬುದ್ಧಿ ಹೇಳುತ್ತೆ. ಊರಿಗೇನು.

ಆವತ್ತು ಮಧ್ಯಾಹ್ನ ಮೇಸ್ತ್ರಿಯ ಹೆಂಡತಿ ನೆಲಿದಾ ಚಿಕ್ಕಮ್ಮ ಮೀನಿಗೆ ನಿಂಬೆಹುಳಿ ಹಿಂಡುತ್ತಾ ಮಾತು ಶುರು ಮಾಡಿದಳು. ನಾವೆಲ್ಲ ಅವಳನ್ನು ಚಿಕ್ಕಮ್ಮ ಅಂತಲೇ ಕರೆಯೋದು.

"ಮಾತಾಡಿದ್ದು ಚೆನ್ನಾಗಿದೆ. ಆದ್ರೆ ಅದು ಬರೀ ಬಾಯಿ. ಲೀಮಾ ಬಸ್ ಹತ್ತಿದ್ಮೇಲೆ ಬಾಯಿ ಬೇರೆ ಆಗುತ್ತೆ. ಕಟ್ಟಿ ಹಾಕ್ಬೇಕು ಅವ್ರನ್ನ."

"ಹಗ್ಗ ತರ್ಲಾ ಚಿಕ್ಕಮ್ಮ?" ಅಂದೆ.

"ನಿನ್ನ ತಲೆ. ಮಷೀನಿಗೆ ಧರ್ಮದಪ್ಪ ಯಾರು?"

ನಮ್ಮಲ್ಲಿ ಜ್ಞಾನಸ್ನಾನದ ಹೊತ್ತಿಗೆ ಹೊಣೆ ಹೊರೋಕೆ ಮಗುವಿಗೆ ಮಾತ್ರ ಅಲ್ಲ, ಹೊಸ ದೋಣಿಗೆ, ಹೊಸ ಚಾವಣಿಗೆ, ಕಾಲ್ಚೆಂಡಿನ ತಂಡದ ಅಂಗಿಗೆ, ಕೊನೆಗೆ ಮೀನಿನ ತಳ್ಳುಗಾಡಿಗೂ ಒಬ್ಬ ಧರ್ಮದಪ್ಪ ಬೇಕು. ಧರ್ಮದಪ್ಪ ಇಲ್ಲದ ವಸ್ತು ಅನಾಥ, ಬೇಗ ಕೆಡುತ್ತೆ. ಧರ್ಮದಪ್ಪ ಆದವನು ಆ ಮನೆಗೆ ಕೊಂಪಾದ್ರೆ ಆಗ್ತಾನೆ, ಬೀಗನಿಗಿಂತ ಒಂದು ಕೈ ಮೇಲು. ಕೊಂಪಾದ್ರೆ ಕೈ ಬಿಡೋದುಂಟಾ? ತಮ್ಮ ಬಿಟ್ಟಾನು, ಕೊಂಪಾದ್ರೆ ಬಿಡಲ್ಲ.

"ಅವ್ರು ಲೀಮಾದೋರು ಚಿಕ್ಕಮ್ಮ," ದೇಯ್ಸಿ ಗೊಣಗಿದಳು. "ಅಲ್ಲಿ ಇದೆಲ್ಲ ನಡೆಯುತ್ತಾ?"

"ಲೀಮಾದೋರಿಗೇನು ಜ್ಞಾನಸ್ನಾನ ಆಗಿಲ್ವಾ? ಅವ್ರಿಗೂ ಒಬ್ಬ ಧರ್ಮದಪ್ಪ ಇರ್ತಾನೆ, ಅವನೇ ಕೆಲಸ ಕೊಡಿಸಿರ್ತಾನೆ."

ಮೇಸ್ತ್ರಿ ಮೀನು ಅಗಿಯುತ್ತಾ ಯೋಚನೆ ಮಾಡಿದರು. ಮೇಸ್ತ್ರಿ ಕಮ್ಮಿ ಮಾತಿನವರು, ಯೋಚನೆ ಮಾಡಿದರೆ ದವಡೆ ನಿಲ್ಲುತ್ತೆ. "ಒಳ್ಳೇ ಮನುಷ್ಯ. ಗೌರವ ತೋರಿಸಿದ ಹಾಗೂ ಆಗುತ್ತೆ," ಅಂದರು.

ಅದರಲ್ಲಿ ಮೋಸ ಎಲ್ಲಿತ್ತು ಹೇಳಿ. ದುಡ್ಡಿನ ಲಕೋಟೆ ಕೊಡೋಣ ಅಂತ ಯಾರೂ ಅನ್ನಲಿಲ್ಲ. ಬೇರೆ ವರ್ಕ್‌ಶಾಪಿನವರು ಲಕೋಟೆ ಕೊಟ್ಟೇ ಕೊಟ್ಟಿರ್ತಾರೆ. ನಾವು ಆತನನ್ನು ಮನೆಯವನನ್ನಾಗಿ ಮಾಡಿಕೊಳ್ಳಲು ಹೊರಟೆವು, ಅಷ್ಟೇ.

ಶನಿವಾರ ಬೆಳಗ್ಗೆ ವರ್ಕ್‌ಶಾಪು ತೊಳೆದು, ಮಷೀನಿಗೆ ಬಿಳಿ ರಿಬ್ಬನ್ ಸುತ್ತಿ, ಧರ್ಮದಪ್ಪ ಒಡೆಯಲಿ ಅಂತ ಅದರ ಮೇಲೆ ಒಂದು ಷಾಂಪೇನ್ ಬಾಟಲಿ ನೇತುಹಾಕಿದೆವು. ಕಿಟ್ಟ ಉದುರಿಸೋ ಸುತ್ತಿಗೆಗೂ ಚಿಕ್ಕಮ್ಮ ಒಂದು ಹೂವು ಕಟ್ಟಿದಳು. ಬೀದಿ ಮಕ್ಕಳೆಲ್ಲ ಬಾಗಿಲಲ್ಲಿ ಗುಂಪಾಗಿದ್ದರು. ಧರ್ಮದಪ್ಪ ಇದ್ದ ಕಡೆ ಚಿಲ್ಲರೆ ಎರಚುತ್ತಾರೆ ಅಂತ ಅವಕ್ಕೆ ಹುಟ್ಟಿನಿಂದಲೇ ಗೊತ್ತು.

ಇಂಜಿನಿಯರ್ ಒಳಗೆ ಬಂದವನು ಬಾಟಲಿ ನೋಡಿದ. ಮುಖ ಬಿಳಿಚಿಕೊಂಡಿತು.

"ಮೇಸ್ತ್ರಿ, ಇದೇನಿದು?"

"ಹೊಸ ಮಷೀನಿಗೆ ಹೆಸರು ಇಡ್ತಾ ಇದ್ದೀವಿ, ಇಂಜಿನಿಯರೇ. ನೀವೇ ಧರ್ಮದಪ್ಪ ಆಗ್ಬೇಕು."

"ಬೇಡ ಬೇಡ. ನಾನು ಸರಕಾರಿ ನೌಕರ. ಸಹಿ ಹಾಕೋನು ನಾನು. ನನಗೆ ಇದೆಲ್ಲ..."

"ಸರಕಾರಿ ನೌಕರರಿಗೆ ದೇವರಿಲ್ವಾ?" ನೆಲಿದಾ ಚಿಕ್ಕಮ್ಮ ಸುತ್ತಿಗೆ ಅವನ ಕೈಗೆ ತುರುಕಿದಳು. "ನೋಡಿ, ಮಗು ಮುಂದೆ ಇಟ್ಟಾಗ ಒಲ್ಲೆ ಅನ್ನಬಾರ್ದು. ಒಲ್ಲೆ ಅಂದ್ರೆ ಮಗು ಬದುಕಲ್ಲ."

"ಅಮ್ಮಾ, ಇದು ಮಷೀನು."

"ಇದರಿಂದ ಎಷ್ಟು ಮಕ್ಕಳು ಬದುಕ್ಬೇಕು ನೋಡಿ," ಅಂತ ನಮ್ಮ ಕಡೆ ಕೈ ತೋರಿಸಿದಳು.

ಬೀದಿ ಜನ ಸೇರಿದ್ದರು. ಪಕ್ಕದ ಟೈರಿನಂಗಡಿಯವನು, ಮೀನಿನವಳು, ಪಿಂಗಾಣಿ ಮಾರೋ ಮುದುಕ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಆತ ಸುತ್ತಿಗೆ ನೋಡಿದ, ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ತಲೆಗೂದಲಿಗೆ ನೀರು ಹಚ್ಚಿ ಬಾಚಿಕೊಂಡು, ಮದುವೆಯ ಅಂಗಿ ತೊಟ್ಟು, ಕೈ ಕಟ್ಟಿ ನಿಂತಿದ್ದರು. ಆ ಅಂಗಿಯ ಎದುರು ಒಲ್ಲೆ ಅನ್ನೋಕೆ ಆತನ ಬಾಯಿಗೆ ಬರಲಿಲ್ಲ ಅನ್ನಿಸುತ್ತೆ. ಹೊಡೆದ. ಬಾಟಲಿ ಒಡೆಯಿತು, ನೊರೆ ಹಾರಿತು, ಜನ ಚಪ್ಪಾಳೆ ತಟ್ಟಿದರು.

"ಜುಗ್ಗ ಧರ್ಮದಪ್ಪ! ಜುಗ್ಗ ಧರ್ಮದಪ್ಪ!" ಮಕ್ಕಳು ಕುಣಿದವು. ಪಾಪ, ಆತ ಜೇಬು ತಡಕಾಡಿ ಇದ್ದಬದ್ದ ಚಿಲ್ಲರೆಯನ್ನೆಲ್ಲ ಬೀದಿಗೆ ಎರಚಿದ. ಮೇಸ್ತ್ರಿ ಅವನನ್ನು ಅಪ್ಪಿ ಬೆನ್ನು ತಟ್ಟಿದರು. "ಇನ್ಮೇಲೆ ಇಂಜಿನಿಯರ್ ಅನ್ನಲ್ಲ. ಕೊಂಪಾದ್ರೆ!"

"ಕೊಂಪಾದ್ರೆ," ಅಂದ ಆತನೂ. ತಮಾಷೆಗೆ ಅನ್ನಲಿಲ್ಲ. ನಾನು ಹತ್ತಿರದಲ್ಲೇ ಇದ್ದೆ, ಆತನ ಕಣ್ಣು ಒದ್ದೆಯಾಗಿತ್ತು. ಆಮೇಲೆ ಉಂಡ, ಬಿಯರ್ ಕುಡಿದ, ಟೈರಿನಂಗಡಿಯವನ ಹೆಂಡತಿ ಜೊತೆ ಕುಣಿದ. ಹೋಗುವಾಗ ದೇಯ್ಸಿಗೆ, "ತಲೆ ಮೇಲಿನದು ಹಾಕುವಾಗ ಉಸಿರು ಬಿಗಿ ಹಿಡೀಬೇಡ," ಅಂತ ಹೇಳಿದ.

ಅವತ್ತು ನಾವು ಗೆದ್ದೆವು ಅಂದುಕೊಂಡೆವು. ನಾನು ಮನೆಗೆ ಹೋಗಿ ಅಮ್ಮನಿಗೆ, ಬರೋ ವರ್ಷ ಯಾರ್ಡಿನ ವೆಲ್ಡರ್ ನಾನು ಅಂದೆ. ಅಮ್ಮ ಮೂಸಿ ನೋಡಿ, ಈಗಲೇ ವಾಸನೆ ಬೇರೆ ಬರ್ತಿದೆ ಅಂದಳು. ಷಾಂಪೇನ್ ವಾಸನೆ.

ಸೋಮವಾರ ಸುದ್ದಿ ಇಲ್ಲ. ಮುಂದಿನ ಸೋಮವಾರವೂ ಇಲ್ಲ. ಮೇಸ್ತ್ರಿ ಫೋನ್ ಮಾಡಿದರೆ ಎತ್ತಲಿಲ್ಲ. ಕೊನೆಗೆ ಒಂದು ದಿನ ಆತನೇ ಮಾಡಿದ. ಮೇಸ್ತ್ರಿ ಕೈಯೆಲ್ಲ ಮಸಿಯಾಗಿತ್ತು, ನಾನೇ ಫೋನನ್ನು ಅವರ ಕಿವಿಗೆ ಹಿಡಿದೆ. ಹಾಗಾಗಿ ಪ್ರತಿ ಮಾತು ಕೇಳಿಸಿತು.

"ಕೊಂಪಾದ್ರೆ! ಹೇಗಿದ್ದೀರಿ?"

"ಸೆನ್ಯೋರ್ ಕದಿಲ್ಯೊ, ನಿಮ್ಮ ವಿಷಯ ಈಗ ನನ್ನ ಕೈಯಲ್ಲಿಲ್ಲ."

"ಯಾರ ಕೈಲಿದೆ ಹಾಗಾದ್ರೆ?"

"ಬೇರೆಯವರಿಗೆ ಕೊಟ್ಟಿದ್ದಾರೆ. ನೆಂಟರ ವಿಷಯದಲ್ಲಿ ನಾವು ಸಹಿ ಹಾಕೋ ಹಾಗಿಲ್ಲ. ಧರ್ಮದ ನೆಂಟಸ್ತನವೂ ನೆಂಟಸ್ತನವೇ."

ಮೇಸ್ತ್ರಿ ದವಡೆ ನಿಂತಿತು. "ಯಾರು ಚಾಡಿ ಹೇಳಿದ್ರು?"

"ಯಾರೂ ಇಲ್ಲ. ನಾನೇ ಹೇಳಿದೆ. ಹೇಳದೆ ಇರೋಕಾಗ್ಲಿಲ್ಲ ಸೆನ್ಯೋರ್."

ನೋಡಿ, ಇಡೀ ದೇಶದಲ್ಲಿ ಕದಿಯೋರೇ ತುಂಬಿದ್ದಾರೆ. ರಸ್ತೆ ತಿಂದೋರು, ಸೇತುವೆ ತಿಂದೋರು, ಶಾಲೆ ಮಕ್ಕಳ ಹಾಲಿನ ಪುಡಿ ತಿಂದೋರು. ಅಷ್ಟರಲ್ಲಿ ಒಬ್ಬನೇ ಒಬ್ಬ ಪ್ರಾಮಾಣಿಕ ಇದ್ದ, ಅವನು ನಮ್ಮ ಪಾಲಿಗೆ ಬಂದ. ಲಂಚ ತಿಂದಿದ್ದರೆ ಬಾಯಿ ಮುಚ್ಕೊಂಡು ಸಹಿ ಹಾಕ್ತಿದ್ದ. ಪ್ರೀತಿ ತಿಂದ, ಅದಕ್ಕೇ ಹೋಗಿ ಎಲ್ಲ ಹೇಳಿಬಿಟ್ಟ.

ಬೇರೆಯವರು ಅಂದವರು ಯಾರೋ ಹೆಂಗಸಂತೆ. ಅವರು ಚಿಂಬೋತೆಗೆ ಬರಲೇ ಇಲ್ಲ. ಬರೋ ಅಗತ್ಯವೇ ಬೀಳಲಿಲ್ಲ. ಕರಾವಳಿಗೆ ಇಷ್ಟು ವೆಲ್ಡರುಗಳು ಬೇಕು ಅಂತ ಗುರಿ ಇಟ್ಟಿದ್ದರಲ್ಲ, ಮೊದಲ ವರ್ಷ ಮುಗಿಸಿದ ನಮ್ಮಂಥ ಅರ್ಧ ವೆಲ್ಡರುಗಳನ್ನೆಲ್ಲ ಇಡಿಯಾಗಿ ಎಣಿಸಿಬಿಟ್ಟರು. ಗುರಿ ಮುಟ್ಟಿತ್ತು, ಇನ್ನು ಎರಡನೇ ವರ್ಷವೂ ಇಲ್ಲ, ಪರೀಕ್ಷೆಯೂ ಇಲ್ಲ. ಉಳಿದ ಹಣಕ್ಕೆ ಹೊಸ ಯೋಜನೆ ಬಂತು, ಹೋಟೆಲ್ ಮಾಣಿಗಳನ್ನು ತಯಾರು ಮಾಡೋದು. ಪ್ರವಾಸಿಗರು ಬರ್ತಾರಂತೆ. ಮೀನಿನ ಪುಡಿಯ ಹೊಗೆ ಸೇದೋಕೆ ಬರ್ತಾರಾ, ಯಾರು ಕೇಳಬೇಕು.

ನಾನೂ ದೇಯ್ಸಿಯೂ ಬಸ್ ಹತ್ತಿ ಲೀಮಾಗೆ ಹೋದೆವು. ಮೇಸ್ತ್ರಿ ಬೇಡ ಅಂದರು. "ಕೊಂಪಾದ್ರೆ ಮನೆ ಬಾಗಿಲಿಗೆ ಜಗಳಕ್ಕೆ ಹೋಗಬಾರ್ದು" ಅಂದರು. ನಾನು ಮನೆಗೆ ಹೋಗ್ತಿಲ್ಲ, ಮಂತ್ರಾಲಯಕ್ಕೆ ಹೋಗ್ತಿದ್ದೀನಿ ಅಂದೆ. ಕಾವಲಿನವನು ಒಳಗೆ ಬಿಡಲಿಲ್ಲ. ಊಟದ ಹೊತ್ತಿಗೆ ಇಂಜಿನಿಯರ್ ಹೊರಗೆ ಬಂದವನು ನಮ್ಮನ್ನು ನೋಡಿ ನಿಂತ. ಓಡಿಹೋಗಲಿಲ್ಲ, ಅದೊಂದು ದೊಡ್ಡತನ.

"ಯೆರ್ಸನ್," ಅಂದ. ನನ್ನ ಹೆಸರು ನೆನಪಿಟ್ಟಿದ್ದ. "ಊಟ ಮಾಡಿದ್ರಾ?"

"ಊಟಕ್ಕೆ ಬಂದಿಲ್ಲ ಸಾರ್. ಬಾಟಲಿ ಒಡೆಯೋ ದಿನ ನಿಮ್ಗೆ ಗೊತ್ತಿತ್ತಾ, ಒಡೆದ್ರೆ ಸಹಿ ಹಾಕೋಕಾಗಲ್ಲ ಅಂತ?"

"ಗೊತ್ತಿತ್ತು."

"ಮತ್ಯಾಕೆ ಒಡೆದ್ರಿ?"

"ಆ ಅಮ್ಮ ಮಗು ಸಾಯುತ್ತೆ ಅಂದ್ರು. ಜನ ನೋಡ್ತಾ ಇದ್ರು. ನಿಮ್ಮ ಮೇಸ್ತ್ರಿ ಆ ಅಂಗಿ ಹಾಕ್ಕೊಂಡು ನಿಂತಿದ್ರು. ಒಲ್ಲೆ ಅಂದಿದ್ರೆ ಅವ್ರ ಮುಖ ಮುರೀತಿತ್ತು."

"ಮುರೀಬೇಕಿತ್ತು!" ನಾನು ಕೂಗಿಬಿಟ್ಟೆ. ಬೀದಿಯವರು ತಿರುಗಿ ನೋಡಿದರು. "ಅವ್ರ ಮುಖ ಉಳಿಸೋಕೆ ನಮ್ಮ ಕೈ ಕತ್ತರಿಸಿದ್ರಿ. ಇಲ್ಲ ಅಂದ್ರೆ ಸುಮ್ನಾದ್ರೂ ಇರ್ಬೇಕಿತ್ತು. ಸುಮ್ನಿದ್ದು ಸಹಿ ಹಾಕಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು?"

"ಕೊಂಪಾದ್ರೆ ಅಂತ ಒಪ್ಕೊಂಡ ಮೇಲೆ, ಸಹಿಯ ಕಾಗದದಲ್ಲಿ ನೆಂಟಸ್ತನ ಇಲ್ಲ ಅಂತ ಬರೆಯೋಕೆ ಆಗುತ್ತಾ? ಆಗ ನಾನು ಎರಡೂ ಕಡೆ ಸುಳ್ಳ ಆಗ್ತಿದ್ದೆ."

"ಈಗ ಎರಡೂ ಕಡೆ ಸಾಚಾ," ಅಂದಳು ದೇಯ್ಸಿ. "ಅಭಿನಂದನೆ ಸಾರ್. ನಮ್ಗೆ ಮಾತ್ರ ಪರೀಕ್ಷೆ ಇಲ್ಲ."

ಆತ ಕೆಳಗೆ ನೋಡಿದ. "ಧರ್ಮದಪ್ಪನಾಗಿ ನಾನು ಏನಾದ್ರೂ ಮಾಡ್ತೀನಿ," ಅಂದ. ನನಗೆ ಉಗಿಯಬೇಕು ಅನ್ನಿಸಿತು. ಉಗಿಯಲಿಲ್ಲ. ಆ ಮನುಷ್ಯನನ್ನು ದ್ವೇಷ ಮಾಡೋಕೂ ಸರಿಯಾಗಿ ಆಗದ ಹಾಗೆ ಮಾಡಿಬಿಟ್ಟಿದ್ದ ಅವನು.

ಮಾಡಿದ್ದೂ ಹೌದು. ಕ್ರಿಸ್ಮಸ್ಸಿಗೆ ವರ್ಕ್‌ಶಾಪಿನ ಮುಂದೆ ಪೆಟ್ಟಿಗೆಗಳು ಬಂದು ಇಳಿದವು. ಸ್ವಂತ ದುಡ್ಡಿನಲ್ಲಿ ಕೊಂಡ ಕಡ್ಡಿ, ತಲೆ ಮೇಲಿನ ಬೆಸುಗೆಗೆ ಹೇಳಿ ಮಾಡಿಸಿದಂಥವು. ನಾನು ವಾಪಸ್ ಕಳಿಸಿ ಅಂದೆ. ಮೇಸ್ತ್ರಿ, "ಧರ್ಮದಪ್ಪ ಕೊಟ್ಟದ್ದನ್ನು ಒಲ್ಲೆ ಅನ್ನೋದುಂಟೇನೋ," ಅಂತ ಗದರಿದರು. ಸಂಬಳ ಇಲ್ಲದೆ, ಸರಕಾರ ಇಲ್ಲದೆ, ಸಂಜೆ ಹೊತ್ತು ನಮಗೆ ನಿಂತ ಬೆಸುಗೆ, ತಲೆ ಮೇಲಿನ ಬೆಸುಗೆ ಎರಡೂ ಹೇಳಿಕೊಟ್ಟರು. ನನ್ನ ಕತ್ತು, ತೋಳು ಎಲ್ಲ ಕಿಡಿಯ ಕಲೆ. ಕಲಿತೆ. ಲೋಹ ಜಾರೋದು ನಿಂತಿತು.

ಕಲಿತು ಏನು ಮಾಡೋದು? ಪರೀಕ್ಷೆ ಯೋಜನೆಯೊಳಗೆ ಇದ್ದವರಿಗೆ. ಹೊರಗಿನವರು ಬರೀಬೇಕಾದರೆ ಯಾರ್ಡಿನಲ್ಲಿ ವೆಲ್ಡರ್ ಆಗಿ ಕೆಲಸ ಮಾಡಿದ ಅನುಭವ ತೋರಿಸಬೇಕು. ಯಾರ್ಡಿನಲ್ಲಿ ವೆಲ್ಡರ್ ಆಗಬೇಕಾದರೆ ಪರೀಕ್ಷೆ ಆಗಿರಬೇಕು. ಇದನ್ನು ಬರೆದವನು ಸಿಕ್ಕಿದರೆ ಅವನನ್ನು ಹಡಗಿನ ಹೊಟ್ಟೆಯೊಳಗೆ ಕೂರಿಸಿ ಹೊರಗಿಂದ ಬೆಸುಗೆ ಹಾಕಬೇಕು.

ದೇಯ್ಸಿ ಈಗ ಹೋಟೆಲ್ ತರಬೇತಿಗೆ ಹೋಗ್ತಾಳೆ. ತಿಂಗಳ ಭತ್ಯೆ ಸಿಗುತ್ತೆ, ಅವಳಿಗೆ ಸಣ್ಣ ಮಗು ಇದೆ. ಮೂರು ತಟ್ಟೆ ಒಂದೇ ಕೈಯಲ್ಲಿ ಹಿಡಿಯೋದು ಕಲಿಸಿದ್ದಾರೆ. "ಕೈ ನಡುಗಲ್ಲ ನಿಂದು, ಹುಟ್ಟು ಮಾಣಿ ನೀನು ಅಂತಾರೆ ಕಣೋ," ಅಂತ ಹೇಳಿ ನಕ್ಕಳು. ನಾನು ನಗಲಿಲ್ಲ. ಅವಳೂ ಬೇಗ ನಿಲ್ಲಿಸಿದಳು.

ನಾನು ಯಾರ್ಡಿನೊಳಗೆ ಹೋದೆ. ಹೋದದ್ದು ಕೈಯಾಳಾಗಿ. ಗಾರೈ ಅಂತ ಒಬ್ಬ ವೆಲ್ಡರ್, ದಪ್ಪನೆಯ ಮನುಷ್ಯ, ಸರ್ಟಿಫಿಕೇಟ್ ಇದೆ. ಕೇಬಲ್ ಎಳೆಯೋದು, ಕಿಟ್ಟ ಉದುರಿಸೋದು, ಅವನಿಗೆ ನೀರು ತಂದುಕೊಡೋದು ನನ್ನ ಕೆಲಸ. ಕೆಟ್ಟವನಲ್ಲ. ಕತ್ತು ಹಿಡ್ಕೊಂಡಿದೆ ಅವನಿಗೆ, ಮೇಲೆ ನೋಡಿ ಬೆಸುಗೆ ಹಾಕಿದರೆ ಲೋಹ ಮೇಣದ ಹಾಗೆ ತೊಟ್ಟಿಕ್ಕುತ್ತೆ. ಅದಕ್ಕೆ ಬೆಸುಗೆ ತಪಾಸಣೆಯ ಇನ್‌ಸ್ಪೆಕ್ಟರ್ ಆ ಕಡೆ ಹೋದ ತಕ್ಷಣ ಹೋಲ್ಡರ್ ನನ್ನ ಕೈಗೆ ಕೊಡ್ತಾನೆ.

"ಬೇಗ ಹಾಕೋ ಯೆರ್ಸನ್, ಬಂದ್ಬಿಡ್ತಾನೆ."

ಹಡಗಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಹಾಕ್ತೀನಿ. ಉಸಿರು ಬಿಗಿ ಹಿಡಿಯಲ್ಲ. ಮೊನ್ನೆ ಹಾಕಿದ್ದನ್ನು ಇನ್‌ಸ್ಪೆಕ್ಟರ್ ಟಾರ್ಚು ಬಿಟ್ಟು ಉದ್ದಕ್ಕೂ ನೋಡಿದ, ಕೈಗವಸಿನ ಬೆರಳಾಡಿಸಿದ.

"ಗಾರೈ, ಇದು ಕೈಯಲ್ಲ ಕಣಯ್ಯ, ವರ. ಇಂಥ ಬೆಸುಗೆ ಈ ಯಾರ್ಡಿನಲ್ಲಿ ನಾನು ಕಂಡಿಲ್ಲ. ಅಚ್ಚು ಹಾಕು."

ಅಚ್ಚು ಅಂದರೆ ವೆಲ್ಡರ್‌ನ ಗುರುತು. ಸರ್ಟಿಫಿಕೇಟ್ ಇದ್ದವನಿಗೆ ಮಾತ್ರ ಯಾರ್ಡಿನವರು ಉಕ್ಕಿನ ಅಚ್ಚು ಕೊಡ್ತಾರೆ. ಬೆಸುಗೆಯ ಪಕ್ಕ ಅದನ್ನಿಟ್ಟು ಹೊಡೆದರೆ ಹಡಗು ಇರೋವರೆಗೂ ಅದು ಅವನ ಬೆಸುಗೆ. ಗಾರೈ ನನ್ನ ಮುಖ ನೋಡಲಿಲ್ಲ. ಕತ್ತು ತಿರುಗಲ್ಲವಲ್ಲ, ಅಚ್ಚನ್ನು ನನ್ನ ಕೈಗೇ ಕೊಟ್ಟ. ಕೈಯಾಳಿನ ಕೆಲಸ ಅದು. ಬೆಸುಗೆ ಇನ್ನೂ ಬಿಸಿಯಿತ್ತು. ಅವನ ಅಕ್ಷರಗಳನ್ನು ಪಕ್ಕದಲ್ಲಿ ನೆಟ್ಟಗೆ ಇಟ್ಟು, ನಾನೇ ಹೊಡೆದೆ. ಆಳವಾಗಿ ಬೀಳಲಿ ಅಂತ ಇನ್‌ಸ್ಪೆಕ್ಟರ್ ಅಂದ. ಇನ್ನೊಂದು ಸಲ ಹೊಡೆದೆ.